ಹೋದವರ ಪಾಲು

“ಒಬ್ಬರೇ ಎಲ್ಲ ಖರ್ಚನ್ನೂ ಹೊರುತ್ತೇನೆ ಎಂದು ಮುಂದೆ ಬಂದಿರುವಾಗ, ಬಡವರ ಮುಂದೆ ಯಾಕೆ ಕೈಯೊಡ್ಡಬೇಕು?”

ಹೀಗೆ ಕೇಳಿದವಳು ಮದಲೇನಾ. ಕೇಳಿದ್ದು ಇನ್ನಾಸಪ್ಪನವರನ್ನು.

ಇನ್ನಾಸಪ್ಪನವರು ಹಳೆಯ ಉಪದೇಶಿ. ಪಾದ್ರಿಗಳಿಲ್ಲದ ಊರುಗಳಲ್ಲಿ ಪ್ರಾರ್ಥನೆ ನಡೆಸುತ್ತ, ಮಕ್ಕಳಿಗೆ ಜಪ ಕಲಿಸುತ್ತ ವಯಸ್ಸು ಕಳೆದವರು. ಅವರ ಮನೆಯ ಜಗಲಿಯಲ್ಲಿ ಕೂಡುತ್ತಿದ್ದ ಕೆಲವು ಕುಟುಂಬಗಳು ಮುಂದೆ ಒಂದು ಬಳಗವಾದವು. ಅದರಲ್ಲಿ ಪಾದ್ರಿಗಳಿಲ್ಲ, ಕನ್ಯಾಸ್ತ್ರೀಯರಿಲ್ಲ. ಗಂಡ ಹೆಂಡತಿಯರು, ದಾದಿಯರು, ಬಡಗಿಗಳು, ಶಿಕ್ಷಕರು, ಇಂಥವರೇ ಎಲ್ಲ. ಅವರಲ್ಲಿ ಕೆಲವರು ದೂರದ ನಾಡುಗಳಿಗೆ ಹೋಗಿ, ಅಲ್ಲಿಯ ಬಡವರ ನಡುವೆ ಮನೆ ಮಾಡಿದರು. ಈಗ ಆ ಬಳಗದ ಮನೆಗಳು ಆಫ್ರಿಕದಲ್ಲಿವೆ, ಫಿಲಿಪ್ಪೀನ್ಸಿನಲ್ಲಿವೆ, ಇನ್ನೂ ಕೆಲವು ಕಡೆ ಇವೆ. ಅವರೆಲ್ಲ ಸೇರಿ ಈಚೆಗೆ ಮದಲೇನಾಳನ್ನು ತಮ್ಮ ಹಿರಿಯಳನ್ನಾಗಿ ಆರಿಸಿದ್ದರು. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು, ಮಕ್ಕಳ ತಾಯಿ. ಇಷ್ಟು ದೊಡ್ಡ ಹೊರೆಯನ್ನು ಅವಳು ಹಿಂದೆ ಹೊತ್ತಿರಲಿಲ್ಲ.

“ಒಬ್ಬ ಉದ್ಯಮಿ ಬಂದಿದ್ದರು, ಉಪದೇಶಿಗಳೇ,” ಎಂದಳು. “ನಮ್ಮ ಧರ್ಮದವರೇ. ಎಲ್ಲ ದೇಶಗಳ ಎಲ್ಲ ಮನೆಗಳ ಖರ್ಚನ್ನೂ ತಾವೇ ನೋಡಿಕೊಳ್ಳುತ್ತಾರಂತೆ. ಇಂದಿನವರೆಗೆ ಅದು ನಮ್ಮ ಸದಸ್ಯರ ತಿಂಗಳ ಕಾಣಿಕೆಯಿಂದ ನಡೆಯುತ್ತಿದೆ. ಅವರಲ್ಲಿ ಮನೆಗೆಲಸದವರಿದ್ದಾರೆ, ಗಾರೆ ಕೆಲಸದವರಿದ್ದಾರೆ. ಆ ಕಾಣಿಕೆಯನ್ನು ನಿಲ್ಲಿಸಿಬಿಡೋಣ ಎಂದುಕೊಂಡಿದ್ದೇನೆ. ಅದು ದಯೆಯಲ್ಲವೇ?”

“ದಯೆಯೇ,” ಎಂದರು ಇನ್ನಾಸಪ್ಪನವರು. “ಕರಾವಳಿಯ ಒಬ್ಬ ತಾಂಡೇಲನೂ ದಯೆಯಿಂದಲೇ ಹಾಗೆ ಮಾಡಿದ. ಕೇಳು.”

ಅವರು ಹೇಳಿದ ಕತೆ ಇದು.

ಸಮುದ್ರದ ದಡದಲ್ಲಿ ಒಂದು ಊರಿತ್ತು. ಮೀನು ಹಿಡಿದು ಬದುಕುವವರ ಊರು. ಅಲ್ಲಿ ಒಂದು ಚಿಕ್ಕ ಇಗರ್ಜಿ ಇತ್ತು. ಪಾದ್ರಿಗಳು ಇರಲಿಲ್ಲ. ಹಬ್ಬಕ್ಕೆ ಒಬ್ಬರು ಎಲ್ಲಿಂದಲೋ ದೋಣಿಯಲ್ಲಿ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವನು ತಾಂಡೇಲ. ತಾಂಡೇಲ ಎಂದರೆ ಬಲೆಯ ಮುಖಂಡ.

ಆ ಊರಿನ ಬಲೆ ರಂಪಣಿ ಬಲೆ. ಬಹಳ ದೊಡ್ಡದು. ದೋಣಿಯವರು ಅದನ್ನು ಸಮುದ್ರದಲ್ಲಿ ಬಳಸಿ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ನಾಲ್ಕಾರು ಜನರಿಂದ ಆಗುವ ಕೆಲಸವಲ್ಲ ಅದು. ಊರಿಗೆ ಊರೇ ಹಗ್ಗ ಹಿಡಿಯಬೇಕು. ಎಳೆದು ಮುಗಿದ ಮೇಲೆ ಮೀನನ್ನು ಮರಳಿನ ಮೇಲೆ ಗುಪ್ಪೆ ಗುಪ್ಪೆಯಾಗಿ ಹಾಕುತ್ತಾರೆ. ಹಗ್ಗ ಹಿಡಿದವರಿಗೆಲ್ಲ ಒಂದೊಂದು ಗುಪ್ಪೆ. ತಾಂಡೇಲ ಹೆಸರು ಕೂಗುತ್ತಾನೆ. ಹೆಸರಿನವರು ‘ಇದ್ದೇನೆ’ ಎಂದು ಹೇಳಿ ತಮ್ಮ ಪಾಲನ್ನು ಬುಟ್ಟಿಗೆ ತುಂಬಿಕೊಳ್ಳುತ್ತಾರೆ.

ಆ ಊರಿನಲ್ಲಿ ಒಬ್ಬಳು ಸೂಲಗಿತ್ತಿ ಇದ್ದಳು. ಅವಳ ಹೆಸರು ನತಾಲಿನ. ಗಂಡ ಬಸ್ತ್ಯಾಂವ, ಬಲೆ ಹೆಣೆಯುವವನು. ಅವರಿಗೆ ಮಕ್ಕಳಿರಲಿಲ್ಲ. ಊರಿನ ಮಕ್ಕಳೆಲ್ಲ ಅವಳ ಕೈಯಲ್ಲಿ ಹುಟ್ಟಿದವರೇ.

ಒಂದು ದಿನ ದೂರದ ದ್ವೀಪವೊಂದರಿಂದ ಒಂದು ದೋಣಿ ಬಂದು ದಡಕ್ಕೆ ತಾಗಿತು. ದೋಣಿಯಲ್ಲಿ ಒಬ್ಬ ಗಂಡಸು, ಹೆರಿಗೆ ನೋವಿನಲ್ಲಿದ್ದ ಅವನ ಹೆಂಡತಿ. ನತಾಲಿನ ಓಡಿ ಬಂದಳು. ಮಗುವನ್ನು ಉಳಿಸಿದಳು. ತಾಯಿಯನ್ನು ಉಳಿಸಲಾಗಲಿಲ್ಲ. ಆ ಗಂಡಸು ಅಳಲಿಲ್ಲ. “ನಮ್ಮ ದ್ವೀಪದಲ್ಲಿ ಪ್ರತಿ ಮನೆಯಿಂದಲೂ ಹೀಗೆ ಒಬ್ಬಳು ಹೋಗಿದ್ದಾಳೆ,” ಎಂದಷ್ಟೇ ಹೇಳಿದ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನತಾಲಿನ ಎದ್ದು ನಿಂತಳು. “ಇಲ್ಲಿ ನಾನು ಕಲಿಸಿದವಳೊಬ್ಬಳು ಇದ್ದಾಳೆ. ಅಲ್ಲಿ ಯಾರೂ ಇಲ್ಲ. ನಾನು ಹೋಗುತ್ತೇನೆ,” ಎಂದಳು. ಬಸ್ತ್ಯಾಂವ ಅವಳ ಪಕ್ಕದಲ್ಲಿ ಎದ್ದು ನಿಂತ.

ಅವರು ಹೊಟ್ಟೆಗೆ ಏನು ಮಾಡಬೇಕು ಎಂಬ ಮಾತು ಬಂತು. ದ್ವೀಪದವರು ತುಂಬ ಬಡವರು. ತಾಂಡೇಲ ಸ್ವಲ್ಪ ಯೋಚಿಸಿ ಹೇಳಿದ, “ಅವರು ಅಲ್ಲಿ ಎಳೆಯುವುದೂ ನಮ್ಮ ಹಗ್ಗವನ್ನೇ. ಹಗ್ಗ ಹಿಡಿದವರಿಗೆ ಪಾಲು ಉಂಟು.”

ಅಂದಿನಿಂದ ಮರಳಿನ ಮೇಲೆ ಎರಡು ಗುಪ್ಪೆ ಹೆಚ್ಚಾಗಿ ಬಿತ್ತು. ತಾಂಡೇಲ ಎಲ್ಲರ ಹೆಸರಿನ ಜೊತೆಗೆ “ನತಾಲಿನ” ಎಂದು ಕೂಗುತ್ತಿದ್ದ. ಹೆಂಗಸರು “ಇದ್ದಾಳೆ” ಎನ್ನುತ್ತಿದ್ದರು. “ಬಸ್ತ್ಯಾಂವ” ಎಂದು ಕೂಗುತ್ತಿದ್ದ. ಅವನ ತಮ್ಮ “ಇದ್ದಾನೆ” ಎನ್ನುತ್ತಿದ್ದ. ಊರಿನವರು ಅದನ್ನು ‘ಹೋದವರ ಪಾಲು’ ಎಂದು ಕರೆದರು. ಆ ಮೀನನ್ನು ಊರಿನ ಒಂದೊಂದು ಮನೆಯವರು ಸರದಿಯ ಮೇಲೆ ಉಪ್ಪು ಹಾಕಿ ಒಣಗಿಸುತ್ತಿದ್ದರು. ದ್ವೀಪದ ಕಡೆ ಹೋಗುವ ದೋಣಿಯಲ್ಲಿ ಕಳುಹಿಸುತ್ತಿದ್ದರು. ಮೂಟೆಯ ಜೊತೆ ಒಬ್ಬಳು ಮಗು ಸುತ್ತಲು ಹಳೆಯ ಸೀರೆ ಇಡುತ್ತಿದ್ದಳು. ಇನ್ನೊಬ್ಬಳು ಉಪ್ಪಿನಕಾಯಿ ಇಡುತ್ತಿದ್ದಳು. ದೋಣಿ ಮರಳಿ ಬಂದಾಗ ಎಲ್ಲರೂ ದಡಕ್ಕೆ ಹೋಗಿ ಸುದ್ದಿ ಕೇಳುತ್ತಿದ್ದರು. ಯಾರಿಗೆ ಹೆರಿಗೆಯಾಯಿತು, ಗಂಡೋ ಹೆಣ್ಣೋ, ತಾಯಿ ಹೇಗಿದ್ದಾಳೆ, ಎಲ್ಲ ಕೇಳುತ್ತಿದ್ದರು. ಬಲೆಗೆ ಮೀನು ಕಡಿಮೆ ಬಿದ್ದ ದಿನ ಎಲ್ಲರ ಗುಪ್ಪೆಯೂ ಸಣ್ಣದಾಗುತ್ತಿತ್ತು. ಹೋದವರದೂ ಸಣ್ಣದಾಗುತ್ತಿತ್ತು.

ದ್ವೀಪದಲ್ಲಿ ನತಾಲಿನ ಉಪದೇಶ ಮಾಡುತ್ತ ಕೂರಲಿಲ್ಲ. ಹೆರಿಗೆಗೆ ಕೈ ಹಾಕುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ ಹೇಳುತ್ತಿದ್ದಳು. ಕೇಳದವರ ಮಕ್ಕಳನ್ನೂ ಅದೇ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದಳು.

ಕೆಲವು ವರ್ಷಗಳಲ್ಲಿ ಬೇರೆ ದ್ವೀಪಗಳಿಂದಲೂ ಕರೆ ಬಂತು. ಊರಿನಲ್ಲಿ ಹೋಗಲು ಸಿದ್ಧರಿದ್ದವರು ಸಿಕ್ಕರು. ಒಬ್ಬ ಬಡಗಿ ಮತ್ತು ಅವನ ಹೆಂಡತಿ ಹೋದರು. ಅಕ್ಷರ ಬಲ್ಲ ಅಕ್ಕತಂಗಿಯರು ಹೋದರು. ಮರಳಿನ ಮೇಲೆ ಹೋದವರ ಗುಪ್ಪೆಗಳು ಹೆಚ್ಚಿದವು. ಇದ್ದವರ ಗುಪ್ಪೆಗಳು ಕರಗಿದವು. ಅಲ್ಲಲ್ಲಿ ಗೊಣಗಾಟ ಶುರುವಾಯಿತು. ಊರಿನಲ್ಲಿ ಒಬ್ಬ ವಿಧವೆ ಇದ್ದಳು. ಅವಳು ಗೊಣಗುವವಳಲ್ಲ. ಆದರೆ ಅವಳ ಬುಟ್ಟಿ ತಳ ಕಾಣುವಷ್ಟು ಖಾಲಿ ಇದ್ದುದನ್ನು ತಾಂಡೇಲ ನೋಡಿದ. ಅವನಿಗೆ ಸಂಕಟವಾಯಿತು. ‘ಇವಳ ಅನ್ನ ಕಿತ್ತು ನಾನು ದೇವರ ಕೆಲಸ ಮಾಡುತ್ತಿದ್ದೇನೆಯೇ?’ ಎಂದುಕೊಂಡ.

ಆಗ ಬಂದರಿನ ಪೇಟೆಯಿಂದ ಒಬ್ಬ ವ್ಯಾಪಾರಿ ಬಂದ. ಒಣಮೀನು, ಉಪ್ಪು, ಅಕ್ಕಿಯ ದೊಡ್ಡ ವ್ಯಾಪಾರ ಅವನದು. ಮಿತಭಾಷಿ. ಮರಳಿನ ಮೇಲೆ ಪಾಲು ಹಾಕುವುದನ್ನು ಅವನು ದೂರ ನಿಂತು ನೋಡಿದ. ಇಲ್ಲದವರ ಹೆಸರು ಕೂಗುವುದನ್ನು ಕೇಳಿದ. ಅವರು ಯಾರು, ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಂದು ವಿಚಾರಿಸಿದ. ಆಮೇಲೆ ತಾಂಡೇಲನನ್ನು ಬದಿಗೆ ಕರೆದು ಹೇಳಿದ, “ದ್ವೀಪಗಳ ಹೊಣೆ ಇನ್ನು ನನ್ನದು. ಬಡವರ ಪಾಲಿನಿಂದ ತೆಗೆಯಬೇಡಿ.”

ತಾಂಡೇಲನ ಕಣ್ಣು ತುಂಬಿತು. ದೇವರೇ ತನ್ನ ಸಂಕಟ ಕೇಳಿ ಈ ಮನುಷ್ಯನನ್ನು ಕಳುಹಿಸಿದ ಎಂದು ನಂಬಿದ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಭಾನುವಾರ ಇಗರ್ಜಿಯಲ್ಲಿ ಅವನು ಅದನ್ನು ಸಾರಿದ. ಜನ ದೇವರನ್ನು ಕೊಂಡಾಡಿದರು. ಮಾರನೆಯ ದಿನದಿಂದ ಹೋದವರ ಪಾಲು ಬೀಳಲಿಲ್ಲ. ಪಾಲೇ ಇಲ್ಲದ ಮೇಲೆ ಹೆಸರು ಕೂಗುವ ಕಾರಣವೂ ಉಳಿಯಲಿಲ್ಲ.

ವ್ಯಾಪಾರಿ ಮಾತಿಗೆ ತಪ್ಪುವವನಲ್ಲ. ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ. ನತಾಲಿನಳ ಗುಡಿಸಲು ಹೆಂಚಿನ ಮನೆಯಾಯಿತು. ದ್ವೀಪಗಳಿಗೆಂದೇ ಒಂದು ಹಡಗು ಬಂತು. ಅಕ್ಕಿ, ಬಟ್ಟೆ, ಔಷಧಿ ನೇರ ಬಂದರಿನಿಂದ ಹೊರಟವು. ಊರಿನ ದಡಕ್ಕೆ ಆ ಹಡಗು ಬರುವ ಅಗತ್ಯವಿರಲಿಲ್ಲ. ತಾಂಡೇಲನಿಗೆ ಕೈತುಂಬ ಕೆಲಸ. ಹೊಸ ದ್ವೀಪಕ್ಕೆ ಜನ ಹುಡುಕಬೇಕು, ಬಂದರಿಗೆ ಹೋಗಿ ವ್ಯಾಪಾರಿಗೆ ವರದಿ ಒಪ್ಪಿಸಬೇಕು, ನೋಡಲು ಬಂದ ದೊಡ್ಡವರಿಗೆ ವಿವರಿಸಬೇಕು. ಬಲೆಯ ಕೆಲಸವನ್ನು ಅವನು ಅಳಿಯನ ಕೈಗೆ ಕೊಟ್ಟ. ಊರಿನವರಿಗೂ ಹೆಮ್ಮೆ ಇತ್ತು. “ನಮ್ಮ ಊರಿನ ಸೇವೆ ಸಮುದ್ರದ ತುಂಬ ಹಬ್ಬಿದೆ,” ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು. ಯಾರು ಯಾವ ದ್ವೀಪದಲ್ಲಿದ್ದಾರೆ ಎಂದು ನೆಂಟರು ಕೇಳಿದರೆ, “ಅದು ತಾಂಡೇಲನಿಗೆ ಗೊತ್ತು,” ಎನ್ನುತ್ತಿದ್ದರು.

ಹೀಗಿರುವಾಗ ದ್ವೀಪದಲ್ಲಿ ಬಸ್ತ್ಯಾಂವನಿಗೆ ಜ್ವರ ಬಂತು. ಅವನು ಉಳಿಯಲಿಲ್ಲ. ದ್ವೀಪದವರೇ ಗುಂಡಿ ತೋಡಿದರು. ನತಾಲಿನ ತನಗೆ ಬರುತ್ತಿದ್ದ ಜಪವನ್ನೆಲ್ಲ ಹೇಳಿ ಮಣ್ಣು ಹಾಕಿದಳು. ಹಡಗಿನವರ ಮೂಲಕ ಸುದ್ದಿ ಕಳುಹಿಸಿದಳು. ಸುದ್ದಿ ಬಂದರಿಗೆ ತಲುಪಿತು. ಬಂದರಿನ ಗುಮಾಸ್ತ ಮುಂದಿನ ಸಲ ಒಬ್ಬನ ಅಕ್ಕಿಯನ್ನು ಕಡಿಮೆ ಮಾಡಿ ಕಳುಹಿಸಿದ. ಅವನು ಕೆಟ್ಟವನಲ್ಲ. ಅವನ ಕೆಲಸ ಅದಾಗಿತ್ತು. ತಾಂಡೇಲ ಬಂದರಿಗೆ ಹೋದಾಗ ಅವನಿಗೂ ತಿಳಿಸಿದ. ತಾಂಡೇಲ ಅಲ್ಲೇ ಮೊಣಕಾಲೂರಿ ಬಸ್ತ್ಯಾಂವನ ಆತ್ಮಕ್ಕಾಗಿ ಪ್ರಾರ್ಥಿಸಿದ. ಊರಿಗೆ ಹೋದ ಕೂಡಲೇ ಅವನ ತಮ್ಮನಿಗೆ ಹೇಳಬೇಕು ಎಂದುಕೊಂಡ. ಅದೇ ವಾರ ಹೊಸ ದ್ವೀಪಕ್ಕೆ ಹೊರಟವರನ್ನು ಬೀಳ್ಕೊಡುವುದಿತ್ತು. ಊರಿನಲ್ಲಿ ಸಂಭ್ರಮವಿತ್ತು. ಸಾವಿನ ಸುದ್ದಿ ಈಗ ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಬರಲಿಲ್ಲ.

ಬಹಳ ಕಾಲದ ಮೇಲೆ ನತಾಲಿನ ಊರಿಗೆ ಬಂದಳು. ಗಂಡನ ಹೆಸರಿನಲ್ಲಿ ಒಂದು ಪೂಜೆ ಮಾಡಿಸಬೇಕು, ತನ್ನವರ ಮುಖ ನೋಡಬೇಕು ಎಂಬುದು ಅವಳ ಆಸೆ. ಯಾವುದೋ ದೋಣಿಯವರು ಅವಳನ್ನು ದಡಕ್ಕೆ ಇಳಿಸಿ ಹೋದರು. ಬೆಳಗಿನ ಹೊತ್ತು. ಊರಿನವರು ಬಲೆ ಎಳೆಯುತ್ತಿದ್ದರು. ಅವಳು ಗಂಟನ್ನು ಮರಳಿನ ಮೇಲಿಟ್ಟು, ಸಾಲಿನ ಕೊನೆಗೆ ಹೋಗಿ, ಎಲ್ಲರ ಜೊತೆ ಹಗ್ಗ ಹಿಡಿದಳು. ಅವಳ ಕೂದಲು ಬೆಳ್ಳಗಾಗಿತ್ತು, ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಪಕ್ಕದವರು ಯಾರೋ ಬೇರೆ ಊರಿನ ಮುದುಕಿ ಎಂದುಕೊಂಡರು.

ಬಲೆ ದಡಕ್ಕೆ ಬಂತು. ಗುಪ್ಪೆಗಳು ಬಿದ್ದವು. ತಾಂಡೇಲನ ಅಳಿಯ ಹೆಸರು ಕೂಗಿದ. ಒಬ್ಬೊಬ್ಬರೂ ‘ಇದ್ದೇನೆ’ ಎಂದು ಪಾಲು ತುಂಬಿಕೊಂಡರು. ಹೆಸರುಗಳು ಮುಗಿದವು. ನತಾಲಿನ ಕಾದು ನಿಂತೇ ಇದ್ದಳು. ಅಳಿಯ ಅವಳನ್ನು ನೋಡಿದ. ಅವನು ಬೇರೆ ಊರಿನಿಂದ ಮದುವೆಯಾಗಿ ಬಂದವನು. ಒಳ್ಳೆಯ ಮನಸ್ಸಿನವನು. ತನ್ನ ಪಾಲಿನಿಂದ ಎರಡು ಬಂಗುಡೆ ತೆಗೆದು ಅವಳ ಸೆರಗಿಗೆ ಹಾಕಿದ.

“ತಕ್ಕೊಳ್ಳಿ ಅಮ್ಮಾ, ಪಾಪ, ಹಸಿದಿದ್ದೀರಿ,” ಎಂದ.

ನತಾಲಿನ ಆ ಮೀನನ್ನೇ ನೋಡಿದಳು. “ಹೋದವರ ಹೆಸರು ಕೂಗಲಿಲ್ಲವಲ್ಲ, ಮಗಾ,” ಎಂದಳು.

“ಹೋದವರು ಯಾರು?” ಎಂದು ಅವನು ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ಧ್ವನಿಯನ್ನು ಗುರುತಿಸಿದವಳು ಆ ವಿಧವೆ. ಬುಟ್ಟಿ ಬಿಟ್ಟು ಓಡಿ ಬಂದಳು. “ನತಾಲಿನಕ್ಕಾ!” ಎಂದು ಕೂಗಿದಳು. ಜನ ಸುತ್ತುವರಿದರು. ಬಸ್ತ್ಯಾಂವನ ತಮ್ಮ ಗುಂಪನ್ನು ಸೀಳಿಕೊಂಡು ಬಂದ. ಅವನ ಮುಖ ಅರಳಿತ್ತು.

“ಅತ್ತಿಗೆ, ಅಣ್ಣ ಎಲ್ಲಿ? ದೋಣಿಯಲ್ಲೇ ಇದ್ದಾನೆಯೇ?”

ನತಾಲಿನ ಅವನ ಮುಖ ನೋಡಿದಳು. ಆಮೇಲೆ ಸುತ್ತಲಿನ ಮುಖಗಳನ್ನು ನೋಡಿದಳು. ಯಾರಿಗೂ ತಿಳಿದಿಲ್ಲ ಎಂಬುದು ಅವಳಿಗೆ ನಿಧಾನವಾಗಿ ಅರ್ಥವಾಯಿತು. ಇಷ್ಟು ಕಾಲವೂ ಊರು ತನ್ನ ಜೊತೆ ಅತ್ತಿದೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಬದುಕಿದ್ದಳು. ಈಗ ಮರಳಿನ ಮೇಲೆ ನಿಂತು, ಗಂಡನ ತಮ್ಮನಿಗೆ ಅವಳೇ ಸಾವಿನ ಸುದ್ದಿ ಹೇಳಬೇಕಾಯಿತು.

ಹೆಂಗಸರು ಗೋಳಿಟ್ಟರು. ಗಂಡಸರು ತಲೆಯ ಮೇಲಿನ ವಸ್ತ್ರ ತೆಗೆದರು. ಅಂದು ಯಾರ ಮನೆಯಲ್ಲೂ ಒಲೆ ಉರಿಯಲಿಲ್ಲ.

ತಮ್ಮ ನೇರ ತಾಂಡೇಲನ ಮನೆಗೆ ಹೋದ. “ನನ್ನ ಅಣ್ಣ ಸತ್ತದ್ದು ನಿಮಗೆ ಗೊತ್ತಿತ್ತೇ?” ಎಂದು ಕೇಳಿದ. ತಾಂಡೇಲ ಹೌದೆಂದು ತಲೆಯಾಡಿಸಿದ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ತಮ್ಮ ಬೈಯಲಿಲ್ಲ. ಬಂದ ದಾರಿಯಲ್ಲೇ ಹೋದ.

ಸಂಜೆ ತಾಂಡೇಲ ನತಾಲಿನಳ ಮುಂದೆ ಬಂದು ಕುಳಿತ. ಕ್ಷಮೆ ಕೇಳಿದ. ಅವಳು ಕ್ಷಮಿಸಿದಳು. ಅವನು ಮತ್ತೂ ಕೇಳಿದ, “ಅಲ್ಲಿ ನಿಮಗೆ ಏನಾದರೂ ಕೊರತೆಯಾಗಿತ್ತೇ?”

“ಕೊರತೆ ಇರಲಿಲ್ಲ,” ಎಂದಳು ಅವಳು. “ಹೊಟ್ಟೆ ತುಂಬ ಅಕ್ಕಿ ಬಂತು. ಮನೆ ಸೋರಲಿಲ್ಲ. ಮೊದಲು ಮೀನಿನ ಮೂಟೆ ಬಿಚ್ಚಿದರೆ, ಇದು ಯಾರ ಮನೆಯಲ್ಲಿ ಒಣಗಿಸಿದ್ದು ಎಂದು ನನಗೆ ತಿಳಿಯುತ್ತಿತ್ತು. ಒಬ್ಬಳು ಉಪ್ಪು ಜಾಸ್ತಿ ಹಾಕುತ್ತಿದ್ದಳು, ಒಬ್ಬಳು ಮೀನು ಸರಿಯಾಗಿ ಸೀಳುತ್ತಿರಲಿಲ್ಲ. ನಾವಿಬ್ಬರೂ ನಗುತ್ತಿದ್ದೆವು. ಆಮೇಲೆ ಬಂದ ಅಕ್ಕಿ ಯಾರದೆಂದು ತಿಳಿಯುತ್ತಿರಲಿಲ್ಲ. ಅವರು ಸಾಯುವಾಗ, ನಾವು ಯಾರ ಕಡೆಯವರು ಎಂದು ನನ್ನನ್ನು ಕೇಳಿದರು. ಊರಿನವರು ಎಂದೆ.”

ತಾಂಡೇಲ ಮನೆಗೆ ಹೋಗಲಿಲ್ಲ. ದೋಣಿ ಹತ್ತಿ ಬಂದರಿಗೆ ಹೋದ. ವ್ಯಾಪಾರಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಇನ್ನು ಮುಂದೆ ಹೋದವರ ಊಟ ಮರಳಿನಿಂದಲೇ ಹೋಗಬೇಕು ಎಂದ.

ವ್ಯಾಪಾರಿಯ ಮುಖ ಬಾಡಿತು. “ನಾನು ಏನು ತಪ್ಪು ಮಾಡಿದೆ?”

“ನಿಮ್ಮದು ತಪ್ಪಿಲ್ಲ, ಯಜಮಾನರೇ. ನೀವು ಕೊಟ್ಟದ್ದನ್ನು ನಾನು ತೆಗೆದುಕೊಂಡೆ. ನಿಮ್ಮಿಂದ ಅದೊಂದನ್ನೇ ತೆಗೆದುಕೊಂಡೆ.”

ವ್ಯಾಪಾರಿ ಗೋಡೆಯ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ, “ನನಗೆ ಒಬ್ಬಳು ತಂಗಿ ಇದ್ದಳು. ಮೊದಲ ಹೆರಿಗೆಯಲ್ಲಿ ಹೋದಳು. ನಾನು ಆಗ ವ್ಯಾಪಾರಕ್ಕೆ ಹೋಗಿದ್ದೆ. ಅಂದು ನಿಮ್ಮ ಮರಳಿನ ಮೇಲೆ ಸೂಲಗಿತ್ತಿಯ ಹೆಸರು ಕೂಗಿದಿರಿ. ಅದನ್ನು ಕೇಳಿ ನನ್ನ ಮನಸ್ಸು ತಡೆಯಲಿಲ್ಲ. ಇಷ್ಟು ವರ್ಷ ನೀವು ಬಂದು, ಇಂತಿಷ್ಟು ಹೆರಿಗೆ ಎಂದು ಹೇಳಿ ಹೋಗುತ್ತಿದ್ದಿರಿ. ಒಂದು ಮಗುವಿನ ಮುಖವನ್ನಾದರೂ ನೋಡಬೇಕೆಂದು ನನಗೆ ಆಸೆಯಿತ್ತು. ನೀವು ಕರೆಯಲಿಲ್ಲ. ಕೊಡುವವನು ತಾನಾಗಿ ಬಂದರೆ, ಲೆಕ್ಕ ನೋಡಲು ಬಂದ ಎಂದಾರು ಎಂದು ನಾನೂ ಬರಲಿಲ್ಲ.”

ತಾಂಡೇಲ ಆ ತನಕ ಆ ತಂಗಿಯ ಸುದ್ದಿಯನ್ನೇ ಕೇಳಿರಲಿಲ್ಲ. ಎಷ್ಟೋ ಸಲ ಆ ಮನೆಯಲ್ಲಿ ಉಂಡಿದ್ದ. ಗೋಡೆಯ ಮೇಲೆ ಒಬ್ಬ ಹುಡುಗಿಯ ಚಿತ್ರವನ್ನೂ ನೋಡಿದ್ದ. ಯಾರೆಂದು ಕೇಳಿರಲಿಲ್ಲ. ಅವನು ವ್ಯಾಪಾರಿಯ ಎರಡೂ ಕೈ ಹಿಡಿದುಕೊಂಡ. “ನನ್ನ ಜೊತೆ ಬನ್ನಿ,” ಎಂದ.

ವ್ಯಾಪಾರಿ ಬಂದ. ಮಾರನೆಯ ಬೆಳಿಗ್ಗೆ ಊರಿನವರ ಜೊತೆ ಹಗ್ಗ ಹಿಡಿದ. ಅವನ ಅಂಗೈ ಸುಲಿದು ರಕ್ತ ಬಂತು. ಬಿಡಲಿಲ್ಲ. ಅಂದು ತಾಂಡೇಲ ತಾನೇ ನಿಂತು ಪಾಲು ಹಾಕಿದ. ಊರಿನವರ ಹೆಸರು ಕೂಗಿದ. ವ್ಯಾಪಾರಿಯ ಹೆಸರನ್ನೂ ಕೂಗಿದ. ಅವನಿಗೆ ಎಲ್ಲರಷ್ಟೇ ಒಂದು ಗುಪ್ಪೆ. ಆಮೇಲೆ ಹೋದವರ ಹೆಸರುಗಳು. ‘ಬಸ್ತ್ಯಾಂವ’ ಎಂದು ಕೂಗಿ ಅವನು ನಿಂತ. ಕೊನೆಗೆ ತಮ್ಮ ಹೇಳಿದ, “ಇದ್ದಾನೆ. ದೇವರ ಹತ್ತಿರ ಇದ್ದಾನೆ.” ಆ ಪಾಲನ್ನು ಅಂದು ಬೇರೆ ಊರುಗಳಿಂದ ಬಂದಿದ್ದ ಬಡವರಿಗೆ ಕೊಟ್ಟರು.

ಒಂದು ತಪ್ಪನ್ನು ತಾಂಡೇಲ ಮತ್ತೊಮ್ಮೆ ಮಾಡಿದ. ಎಲ್ಲರ ಗುಪ್ಪೆಯಿಂದ ಸ್ವಲ್ಪ ಸ್ವಲ್ಪ ಎತ್ತಿ ಹೋದವರಿಗೆ ಹಾಕುವಾಗ, ಆ ವಿಧವೆಯ ಗುಪ್ಪೆಯನ್ನು ಮುಟ್ಟಲಿಲ್ಲ. ಅವಳು ಬುಟ್ಟಿ ಹೊತ್ತು ನೇರ ಅವನ ಎದುರಿಗೆ ಬಂದಳು.

“ನನ್ನದರಿಂದ ಯಾಕೆ ತೆಗೆಯಲಿಲ್ಲ?”

“ನಿನಗೇ ಸಾಲದು, ತಂಗೀ.”

“ಸಾಲದೆಂದು ನಾನು ಹೇಳಿದೆನೇ? ನನ್ನ ಮನೆಯಲ್ಲಿ ಹಸಿವೆ ಇರುವುದನ್ನು ನೋಡಿದಿರಿ. ಸಂತೋಷ. ಮೊದಲು ಆ ಅಕ್ಕನ ಹೆಸರು ಕೂಗಿದಾಗ ‘ಇದ್ದಾಳೆ’ ಎಂದು ನಾನೂ ಹೇಳುತ್ತಿದ್ದೆ. ಆ ದಿನ ನಾನೂ ಯಾರಿಗೋ ಬೇಕಾದವಳು ಎನಿಸುತ್ತಿತ್ತು. ಅದನ್ನು ನಿಲ್ಲಿಸುವಾಗ ನನ್ನನ್ನು ಒಂದು ಮಾತು ಕೇಳಿದಿರಾ?”

ಅವಳೇ ಒಂದು ಹಿಡಿ ಮೀನು ತೆಗೆದು ಆ ಗುಪ್ಪೆಗೆ ಹಾಕಿದಳು. ಅಂದು ಸಂಜೆ ತಾಂಡೇಲನ ಹೆಂಡತಿ ಅವಳ ಮನೆಗೆ ಅಕ್ಕಿ ತೆಗೆದುಕೊಂಡು ಹೋದಳು. ಅವಳು ಅದನ್ನೂ ಸ್ವೀಕರಿಸಿದಳು. ಕೊಟ್ಟವಳಿಗೆ ತೆಗೆದುಕೊಳ್ಳುವುದು ಕಷ್ಟವಾಗಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮರಳಿನ ಮೀನು ಎಲ್ಲ ದ್ವೀಪಗಳಿಗೂ ಸಾಲಲಿಲ್ಲ. ಹಡಗನ್ನೂ ಔಷಧಿಯನ್ನೂ ವ್ಯಾಪಾರಿಯೇ ನೋಡಿಕೊಂಡ. ಊಟಕ್ಕೆ ಕೊರತೆಯಾದ ಕಡೆ ತಾಂಡೇಲ ದ್ವೀಪದವರನ್ನೇ ಕೇಳಿದ. ನತಾಲಿನಳ ದ್ವೀಪದವರು, ಇಷ್ಟು ದಿನ ನಮ್ಮನ್ನು ಯಾರೂ ಕೇಳಿರಲಿಲ್ಲವಲ್ಲ ಎಂದು ತೆಂಗಿನಕಾಯಿ ತಂದು ಸುರಿದರು. ಇನ್ನೊಂದು ದ್ವೀಪದವರು, ಪುಕ್ಕಟೆ ಬರುತ್ತಿದ್ದದ್ದಕ್ಕೆ ನಾವು ಯಾಕೆ ಕೊಡಬೇಕು ಎಂದರು. ಅಲ್ಲಿಯ ಮನೆ ಮುಚ್ಚಿತು. ಬಡಗಿ ಮತ್ತು ಅವನ ಹೆಂಡತಿ ಊರಿಗೆ ಮರಳಿದರು. ಆ ಮನೆ ಮತ್ತೆ ತೆರೆಯಲಿಲ್ಲ. ತಾಂಡೇಲನಿಗೆ ಬುದ್ಧಿ ಕೆಟ್ಟಿದೆ ಎಂದವರೂ ಊರಿನಲ್ಲಿದ್ದರು. ಬಡಗಿಯ ಮುಖ ಕಂಡಾಗಲೆಲ್ಲ ತಾಂಡೇಲನಿಗೂ ಹಾಗೆಯೇ ಅನ್ನಿಸುತ್ತಿತ್ತು.

ಬಸ್ತ್ಯಾಂವನ ಹೆಸರಿನ ಪೂಜೆ ನಡೆಯಿತು. ಬಂದ ಜನಕ್ಕೆ ಇಗರ್ಜಿ ಸಾಲದೆ ಹಲವರು ಅಂಗಳದಲ್ಲಿ ನಿಂತರು. ಮಳೆಗಾಲಕ್ಕೆ ಮುಂಚೆ ನತಾಲಿನ ದ್ವೀಪಕ್ಕೆ ಹೊರಟಳು. ಅಲ್ಲಿ ಕೆಲವರಿಗೆ ದಿನ ತುಂಬುತ್ತಿತ್ತು. ಅಣ್ಣನ ಸಮಾಧಿ ನೋಡಬೇಕೆಂದು ತಮ್ಮ ಅವಳ ಜೊತೆ ಹೊರಟ. ವ್ಯಾಪಾರಿಯೂ ಹೊರಟ. ದ್ವೀಪ ತಲುಪಿದ ವಾರದಲ್ಲೇ ಒಂದು ಗುಡಿಸಲಿನಿಂದ ಕರೆ ಬಂತು. ವ್ಯಾಪಾರಿ ಆ ಗುಡಿಸಲಿನ ಹೊರಗೆ, ಮರದ ಬುಡದಲ್ಲಿ ಕುಳಿತ. ಒಳಗಿನ ಕೂಗು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಮತ್ತೆ ಕುಳಿತುಕೊಳ್ಳುತ್ತಿದ್ದ. ಬಹಳ ಹೊತ್ತಿನ ಮೇಲೆ ನತಾಲಿನ ಬಾಗಿಲಿಗೆ ಬಂದಳು. ಹಸುಗೂಸನ್ನು ಅವನ ತೋಳಿಗೆ ಕೊಟ್ಟಳು. “ತಾಯಿ ಚೆನ್ನಾಗಿದ್ದಾಳೆ,” ಎಂದಳು.

ವ್ಯಾಪಾರಿ ಆ ಮಗುವನ್ನು ಎದೆಗೆ ಒತ್ತಿಕೊಂಡು, ಜನರ ಮುಂದೆ, ಬಾಯಿ ಬಿಟ್ಟು ಅತ್ತ.

ಇನ್ನಾಸಪ್ಪನವರು ಕತೆ ನಿಲ್ಲಿಸಿದರು.

“ಹಾಗಾದರೆ ಉಪದೇಶಿಗಳೇ,” ಎಂದಳು ಮದಲೇನಾ, “ಬಡವರ ಕಾಣಿಕೆಯನ್ನು ನಿಲ್ಲಿಸುವುದಿಲ್ಲ. ಅದು ತಿಳಿಯಿತು. ಆ ಉದ್ಯಮಿಗೆ ಏನು ಹೇಳಲಿ? ಬೇಡ ಎನ್ನಲೇ, ಬೇಕು ಎನ್ನಲೇ? ನಾಳೆಯೇ ಉತ್ತರ ಕೊಡಬೇಕು.”

ಇನ್ನಾಸಪ್ಪನವರು ಅವಳನ್ನೇ ನೋಡಿದರು.

“ಅವರು ಯಾರನ್ನು ಕಳೆದುಕೊಂಡಿದ್ದಾರೆ ಎಂದು ಕೇಳಿದೆಯಾ, ಮಗಳೇ?”